ಬೆನ್ನಿನ ನೀರು

ಕ್ಷಯ ಎಂಬ ಮಾತು ಕೇಳಿ ಸಂತೋಷಪಟ್ಟ ಮನೆ ಮಂಗಳೂರಿನಲ್ಲಿ ನಮ್ಮದೊಂದೇ ಇರಬೇಕು. ಆ ಕಾಲದಲ್ಲಿ ಆ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ‘ಅವರಿಗೆ ಅದು’ ಎಂದರೆ ಸಾಕು, ಕೇಳಿದವರು ಸ್ವಲ್ಪ ಹಿಂದೆ ಸರಿದು ನಿಲ್ಲುತ್ತಿದ್ದರು. ಅಂಥದ್ದರಲ್ಲಿ ನನ್ನ ಅಮ್ಮ ಆಸ್ಪತ್ರೆಯಲ್ಲಿ ಡಾಕ್ಟರಿಗೆ ಕೈಮುಗಿದು, ದೇವರು ಕಣ್ಣು ಬಿಟ್ಟ ಎಂದಳು. ಆ ಮಾತು ಹೇಳುವ ಸ್ಥಿತಿಗೆ ನಾವು ಹೇಗೆ ಬಂದೆವು ಎಂಬುದನ್ನು ಬರೆಯುತ್ತೇನೆ. ತಲೆಯೊಳಗೆ ಏನೋ ಬೆಳೆದಿದೆ ಎಂದು ಕೇಳಿಸಿಕೊಂಡು, ಮುಂದೇನು ಎಂದು ತಿಳಿಯದೆ ಬೆಂಚಿನ ಮೇಲೆ ಕುಳಿತಿರುವವರು ಇವತ್ತೂ ಇದ್ದಾರೆ. ಅವರಲ್ಲಿ ಒಬ್ಬರು ಓದಿದರೂ ಸಾಕು.

ನನ್ನ ಹೆಸರು ವಾಸು. ಹಂಪನಕಟ್ಟೆಯ ಹಿಂದಿನ ಓಣಿಯ ಒಂದು ಸಣ್ಣ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುವ ಕೆಲಸ. ಮನೆ ಕುಲಶೇಖರದಲ್ಲಿ. ಮನೆಯಲ್ಲಿ ಅಮ್ಮ, ನಾನು, ಹಿಂದಿನ ವರ್ಷವಷ್ಟೇ ಮದುವೆಯಾಗಿ ಬಂದ ಲೀಲಾ. ನಮ್ಮ ಜಿಲ್ಲೆ ಮದರಾಸಿನಿಂದ ಕಳಚಿಕೊಂಡು ಮೈಸೂರಿಗೆ ಸೇರಿ ಒಂದೆರಡು ವರ್ಷವಾಗಿತ್ತು. ಅಂಗಡಿ ಕಚೇರಿಗಳ ಕಾಗದಗಳಲ್ಲಿ ರಾಜ್ಯದ ಹೆಸರು ಬದಲಿಸಿಕೊಡುವುದೇ ನಮಗೆ ದೊಡ್ಡ ಕೆಲಸವಾಗಿತ್ತು. ಮನೆಯಲ್ಲಿ ನಾವು ಆಡುವುದು ತುಳು. ಕನ್ನಡ ನನಗೆ ಬೆರಳಿನ ಮೂಲಕ ಬಂದ ಭಾಷೆ. ಒಂದೊಂದೇ ಸೀಸದ ಅಕ್ಷರವನ್ನು ಹಿಂದುಮುಂದಾಗಿ ಓದುತ್ತ ಕಲಿತದ್ದು.

ಮೊದಲು ಬಂದದ್ದು ತಲೆನೋವು. ಬೆಳಿಗ್ಗೆ ಏಳುವಾಗಲೇ ಇರುತ್ತಿತ್ತು, ವಾಂತಿಯಾದ ಮೇಲೆ ಸ್ವಲ್ಪ ಇಳಿಯುತ್ತಿತ್ತು. ಪಿತ್ತ ಎಂದು ಅಮ್ಮ ಜೀರಿಗೆ ಕಷಾಯ ಮಾಡಿಕೊಟ್ಟಳು. ಸಂಜೆ ಹೊತ್ತಿಗೆ ಮೈ ಬೆಚ್ಚಗಾಗುತ್ತಿತ್ತು. ಅದನ್ನು ಸೆಖೆಯೆಂದುಕೊಂಡೆ. ಅನುಮಾನ ಬಂದದ್ದು ಕೈ ತಪ್ಪತೊಡಗಿದಾಗ. ಪೆಟ್ಟಿಗೆಯಲ್ಲಿ ಮೊಳೆಗಳ ಮನೆಗಳು ಎಲ್ಲೆಲ್ಲಿವೆ ಎಂದು ನನ್ನ ಬೆರಳಿಗೆ ಕಣ್ಣಿನ ಸಹಾಯವಿಲ್ಲದೆ ಗೊತ್ತಿತ್ತು. ಅಂಥ ಬೆರಳು ‘ಮ’ ತೆಗೆಯಲು ಹೋಗಿ ಪಕ್ಕದ ಮನೆಯಿಂದ ‘ಯ’ ತೆಗೆಯುತ್ತಿತ್ತು. ಒಂದು ಮದುವೆಯ ಕಾಗದದಲ್ಲಿ ‘ಮದುವೆ’ ಎಂಬಲ್ಲಿ ‘ಯದುವೆ’ ಎಂದು ಬಿದ್ದಿತ್ತು. ಪ್ರೆಸ್ಸಿನ ಧಣಿಗಳು ನಕ್ಕು, ಕಣ್ಣಿಗೆ ಕನ್ನಡಕ ಬಂತು ವಾಸು ಎಂದರು. ಕೆಲವು ದಿನದಲ್ಲಿ ಎಲ್ಲವೂ ಎರಡೆರಡಾಗಿ ಕಾಣತೊಡಗಿತು. ನನ್ನ ಎಡಗೈಯಲ್ಲಿ ಮೊಳೆ ಕೂರಿಸುವ ಸ್ಟಿಕ್ ಎರಡು, ಎರಡರಲ್ಲೂ ಒಂದೇ ಸಾಲು.

ಕೊನೆಗೆ ಒಂದು ಮಧ್ಯಾಹ್ನ ಕೆಲಸ ಮಾಡುತ್ತಿದ್ದ ಹಾಗೆಯೇ ಬಲಗೈಯ ಹೆಬ್ಬೆರಳು ತನ್ನಷ್ಟಕ್ಕೆ ಎಳೆಯತೊಡಗಿತು. ಬೇರೆಯವರ ಬೆರಳನ್ನು ನೋಡುವ ಹಾಗೆ ನಾನು ಅದನ್ನು ನೋಡುತ್ತ ನಿಂತೆ. ಎಳೆತ ತೋಳಿಗೆ ಹತ್ತಿ, ಮುಖಕ್ಕೆ ಬಂತು. ಆಮೇಲಿನದು ನೆನಪಿಲ್ಲ. ಎಚ್ಚರವಾದಾಗ ಕಾಗದದ ಕಟ್ಟುಗಳ ಮೇಲೆ ಮಲಗಿದ್ದೆ. ಧಣಿಗಳು ಬೀಸಣಿಗೆ ಹಿಡಿದು ಕುಳಿತಿದ್ದರು. ಅವರು ಈಗ ನಗುತ್ತಿರಲಿಲ್ಲ.

ಅಪಸ್ಮಾರ ಎಂದರು ಕೆಲವರು. ನನ್ನ ಸೋದರಮಾವ ಬಂದು, ದೈವಕ್ಕೆ ಕೊಡಬೇಕಾದ್ದು ಎಲ್ಲೋ ಬಾಕಿಯಾಗಿದೆ, ಮೊದಲು ಅದನ್ನು ಕೇಳಿಸಬೇಕು ಎಂದರು. ಅಮ್ಮ ಎರಡೂ ಕಡೆ ನಡೆದಳು. ಹರಕೆ ಹೇಳಿಕೊಂಡಳು, ಮರುದಿನವೇ ಧಣಿಗಳು ಹೇಳಿದ ದೊಡ್ಡ ಆಸ್ಪತ್ರೆಗೆ ನನ್ನನ್ನು ಕರೆದುಕೊಂಡು ಹೋದಳು.

ಅಲ್ಲಿನ ಡಾಕ್ಟರು ಉದ್ದನೆಯ, ಸ್ವಲ್ಪ ಬಾಗಿದ ಮನುಷ್ಯ. ಮಾತು ಶುರು ಮಾಡುವ ಮೊದಲು ಸುಮ್ಮನೆ ನಿಂತುಬಿಡುತ್ತಿದ್ದರು. ಪ್ರೆಸ್ಸಿನ ಕೆಲಸ ಎಂದು ತಿಳಿದ ಕೂಡಲೇ ನನ್ನ ಕೆಳತುಟಿ ಎಳೆದು ಒಸಡು ನೋಡಿದರು. ಸೀಸ ಮೈಗೇರಿದರೆ ಅಲ್ಲಿ ನೀಲಿ ಗೆರೆ ಮೂಡುತ್ತದಂತೆ. ನನಗಿರಲಿಲ್ಲ. ಆಮೇಲೆ ಕೋಣೆ ಕತ್ತಲು ಮಾಡಿ, ಒಂದು ಸಣ್ಣ ದೀಪ ಹಿಡಿದು ನನ್ನ ಕಣ್ಣಿನೊಳಗೆ ನೋಡಿದರು. ಬಹಳ ಹೊತ್ತು ನೋಡಿದರು. ಅವರ ಉಸಿರು ನನ್ನ ಕೆನ್ನೆಗೆ ತಾಗುತ್ತಿತ್ತು. ಇಷ್ಟು ಹೊತ್ತು ನೋಡುವಂಥದ್ದು ಅಲ್ಲಿ ಏನೋ ಇದೆ ಎಂದು ನನಗೆ ಆಗಲೇ ಗೊತ್ತಾಯಿತು.

ವಾರ್ಡಿಗೆ ಸೇರಿಸಿಕೊಂಡರು. ಎದೆಯ ಎಕ್ಸ್‌ರೇ ತೆಗೆಸಿದರು, ಅದರಲ್ಲಿ ಏನೂ ಇರಲಿಲ್ಲ. ಮರುದಿನ ಅಮ್ಮನನ್ನೂ ಲೀಲಾಳನ್ನೂ ಹಾಸಿಗೆಯ ಹತ್ತಿರ ಕರೆಸಿ, ಯಾವುದನ್ನೂ ಅಡಗಿಸಿಡದೆ ಹೇಳಿದರು. ನನ್ನ ತಲೆಯ ಎಡಭಾಗದಲ್ಲಿ ಗಂಟಿನ ಹಾಗೆ ಒಂದು ಬೆಳೆದಿದೆ. ಅದು ಎರಡು ಬಗೆಯದ್ದಾಗಿರಬಹುದು. ತಾನಾಗಿ ಬೆಳೆದ ಗಡ್ಡೆಯಾದರೆ ಮದರಾಸಿಗೆ ಕಳಿಸಿ ತಲೆಬುರುಡೆ ತೆರೆಯಬೇಕು, ಆಮೇಲೆ ಮಾತು ಮತ್ತು ಬಲಗೈ ಉಳಿಯುತ್ತವೆಂದು ಹೇಳಲಾಗದು. ಸೋಂಕಿನಿಂದ ಆದ ಗಂಟಾದರೆ ಕೊಯ್ಯಬೇಕಾಗಿಲ್ಲ, ಅದಕ್ಕೆ ಈಗ ಮದ್ದು ಬಂದಿದೆ. ಮೆದುಳಿನ ಸುತ್ತ ಇರುವ ನೀರೇ ಬೆನ್ನುಮೂಳೆಯ ಒಳಗೂ ಇರುತ್ತದೆ, ಸೂಜಿ ಹಾಕಿ ಅದನ್ನು ಸ್ವಲ್ಪ ತೆಗೆದು ನೋಡಿದರೆ ಯಾವುದೆಂದು ಗೊತ್ತಾಗಬಹುದು.

ಅಮ್ಮ ಸೆರಗಿನ ತುದಿ ಹಿಡಿದು ನಿಂತಿದ್ದಳು. ಕೇಳಿದ್ದು ಲೀಲಾ.

‘ಅದರಲ್ಲಿ ಅಪಾಯ ಉಂಟಾ?’

‘ಉಂಟು,’ ಎಂದರು ಡಾಕ್ಟರು. ‘ತಲೆಯೊಳಗೆ ಒತ್ತಡ ಜಾಸ್ತಿ ಉಂಟು. ಅಂಥವರಿಗೆ ಕೆಳಗಿನಿಂದ ಒಮ್ಮೆಲೇ ನೀರು ತೆಗೆದರೆ ಉಸಿರು ನಿಲ್ಲಲಿಕ್ಕೂ ಸಾಕು. ನಾನು ಹನಿ ಹನಿಯಾಗಿ, ಬೇಕಾದಷ್ಟೇ ತೆಗೀತೇನೆ. ಆದರೂ ಉಂಟು.’

‘ತೆಗೆಯದಿದ್ದರೆ?’

‘ಎಂತದು ಅಂತ ಗೊತ್ತಿಲ್ಲದೆ ತಲೆ ತೆರೆಯಲಿಕ್ಕೆ ಕಳಿಸಬೇಕು. ನೀವು ಮಾತಾಡಿಕೊಳ್ಳಿ. ನಾಳೆ ಹೇಳಿ.’

ಆ ದಿನ ನಮ್ಮ ಕಡೆಯವರೆಲ್ಲ ಬಂದು ಹೋದರು. ಬೆನ್ನಿನ ನೀರು ತೆಗೆದರೆ ಕಾಲು ಹೋಗುತ್ತದೆ ಎಂದರು ಸೋದರಮಾವ. ಹಾಗೆ ಕಾಲು ಹೋದವರ ಹೆಸರು ಕೇಳಿದರೆ ಯಾರಿಗೂ ಗೊತ್ತಿರಲಿಲ್ಲ, ಆದರೆ ಎಲ್ಲರೂ ಕೇಳಿದ್ದರು. ಗಂಡಸಿಗೆ ಬೆನ್ನಿನ ನೀರೇ ಜೀವ, ಅದನ್ನೇ ತೆಗೆದರೆ ಉಳಿಯುವುದೇನು ಎಂದು ನೆರೆಯವರೊಬ್ಬರು ಲೀಲಾಳಿಗೆ ಕೇಳುವ ಹಾಗೆಯೇ ಹೇಳಿದರು. ನನಗೆ ಉತ್ತರ ಕೊಡಬೇಕೆನಿಸಿತು. ಆದರೆ ಅಷ್ಟರಲ್ಲಿ ಮಾತೂ ಕೈಕೊಡುತ್ತಿತ್ತು. ‘ನೀರು ಬೇಕು’ ಎನ್ನಲು ಹೊರಟು ‘ನೂಲು ಬೇಕು’ ಎಂದಿದ್ದೆ. ಅಕ್ಷರಗಳನ್ನೇ ನಂಬಿ ಬದುಕಿದವನಿಗೆ ಅದರಷ್ಟು ದೊಡ್ಡ ಭಯ ಬೇರೆ ಇರಲಿಲ್ಲ. ಸಾಯುವ ಭಯ ಕೂಡ ಅದರ ಹಿಂದೆಯೇ ನಿಂತಿತ್ತು.

ಪಕ್ಕದ ಹಾಸಿಗೆಯಲ್ಲಿ ಬಂದರಿನ ಒಣಮೀನು ವ್ಯಾಪಾರಿ ಮೊಯ್ದಿನಬ್ಬ ಇದ್ದರು. ಸಕ್ಕರೆ ಕಾಯಿಲೆಯಿಂದ ಕಾಲಿನ ಹುಣ್ಣು ಮಾಯದೆ ಬಹಳ ದಿನದಿಂದ ಅಲ್ಲೇ ಇದ್ದವರು. ಹಾಗಾಗಿ ವಾರ್ಡಿನಲ್ಲಿ ಯಾರಿಗೆ ಏನು ಮಾಡುತ್ತಾರೆ ಎಂಬುದೆಲ್ಲ ಅವರಿಗೆ ಗೊತ್ತಿತ್ತು. ನೆಂಟರು ಹೋದ ಮೇಲೆ ಅವರು ನನ್ನ ಕಡೆ ತಿರುಗಿ ಮಲಗಿದರು.

‘ಹೆದರಬೇಡ ಮಾರಾಯ. ಎಟ್ಟಿ ನೋಡಿದ್ದೀಯಲ್ಲ, ಸಿಗಡಿ? ಹಾಗೆ ಮುದುಡಿ ಮಲಗಬೇಕು, ಅಷ್ಟೇ. ನನ್ನ ಎದುರೇ ಈ ವಾರ್ಡಿನಲ್ಲಿ ಒಬ್ಬರಿಗೆ ಮಾಡಿದ್ದಾರೆ. ನಡೆದುಕೊಂಡೇ ಮನೆಗೆ ಹೋದರು.’

ಅದು ನಿಜವೋ, ನನ್ನ ಸಮಾಧಾನಕ್ಕೆ ಹೇಳಿದ್ದೋ ಎಂದು ನಾನು ಆಮೇಲೂ ಕೇಳಲಿಲ್ಲ.

ನಿರ್ಧಾರ ಮಾಡಿದ್ದು ಲೀಲಾ. ಅವಳಿಗೆ ಆಗ ಇಪ್ಪತ್ತು ದಾಟಿತ್ತಷ್ಟೇ. ಮದುವೆಯಾದಂದಿನಿಂದ ಅಮ್ಮನ ಎದುರು ಗಟ್ಟಿಯಾಗಿ ಮಾತಾಡಿದವಳಲ್ಲ. ಗಂಜಿ ಕುಡಿಸಿ ಬಟ್ಟಲು ತೊಳೆದಿಟ್ಟು, ಯಾರ ಮುಖವನ್ನೂ ನೋಡದೆ, ‘ತಲೆ ತೆರೆಯುವುದಾದರೂ ಎಂತಕ್ಕೆ ತೆರೆಯುವುದು ಅಂತ ಮೊದಲು ಗೊತ್ತಾಗಲಿ. ನಾಳೆ ತೆಗೆಯಲಿ’ ಎಂದಳು. ಮರುದಿನ ಬೆಳಿಗ್ಗೆ ಅಮ್ಮ, ಸೂಜಿ ಹಾಕುವ ಹೊತ್ತಿಗೆ ತಾನು ಅಲ್ಲಿರಲಾರೆ ಎಂದು ದೇವಸ್ಥಾನಕ್ಕೆ ಹೋಗಿ ಕುಳಿತಳು.

ವಾರ್ಡಿನ ತುದಿಯಲ್ಲಿ ಒಂದು ಸಣ್ಣ ಕೋಣೆ. ಕುದಿಸಿದ ಸೂಜಿಗಳ ವಾಸನೆ. ನನ್ನನ್ನು ಮಗ್ಗುಲಿಗೆ ಮಲಗಿಸಿ, ಮೊಣಕಾಲನ್ನು ಹೊಟ್ಟೆಗೆ ಒತ್ತಿ, ತಲೆಯನ್ನು ಎದೆಗೆ ಬಾಗಿಸಿದರು. ಒಬ್ಬ ನರ್ಸ್ ನನ್ನ ಕತ್ತಿನ ಹಿಂದೆ ಒಂದು ಕೈ, ಮೊಣಕಾಲಿನ ಹಿಂದೆ ಒಂದು ಕೈ ಹಾಕಿ ಹಿಡಿದುಕೊಂಡರು. ಅವರ ಎಪ್ರನ್ನಿನಿಂದ ಸೋಪಿನ ಪರಿಮಳ ಬರುತ್ತಿತ್ತು. ಇಂಥ ಹೊತ್ತಿನಲ್ಲಿ ಮನುಷ್ಯನಿಗೆ ಎಂಥೆಂಥದ್ದು ಆಸರೆಯಾಗುತ್ತದೆ ನೋಡಿ, ನಾನು ಆ ಪರಿಮಳವನ್ನೇ ಗಟ್ಟಿಯಾಗಿ ಹಿಡಿದುಕೊಂಡೆ. ಡಾಕ್ಟರು ಹಿಂದಿನಿಂದ ಒಂದೊಂದೇ ಹೇಳಿ ಮಾಡಿದರು. ಈಗ ತಣ್ಣಗಾಗುತ್ತದೆ, ಈಗ ಇರುವೆ ಕಚ್ಚಿದ ಹಾಗಾಗುತ್ತದೆ, ಈಗ ಒತ್ತುತ್ತೇನೆ, ಅಲುಗಬೇಡ.

ಒತ್ತಿದ್ದು ನೋವಲ್ಲ, ಒಂದು ದೊಡ್ಡ ಭಾರ. ಆಮೇಲೆ ಒಂದು ಕ್ಷಣ ಎಡಗಾಲಿನ ಉದ್ದಕ್ಕೂ ಕರೆಂಟು ಹೊಡೆದಂತಾಗಿ ಕೂಗಿಬಿಟ್ಟೆ. ಕಾಲು ಹೋಯಿತು ಎಂದೇ ತಿಳಿದೆ. ಬೆರಳು ಅಲುಗಿಸು ಎಂದರು ಡಾಕ್ಟರು. ಅಲುಗಿದವು. ಆ ಮೇಲೆ ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ನೀರು ಹನಿಯುವುದು ನನಗೆ ಕೇಳಿಸುವಂತಿರಲಿಲ್ಲ, ಆದರೆ ಎಲ್ಲರೂ ಅದನ್ನೇ ನೋಡುತ್ತಿದ್ದಾರೆ ಎಂದು ತಿಳಿಯುತ್ತಿತ್ತು. ನರ್ಸಿನ ಬೆರಳು ನನ್ನ ಕತ್ತಿನ ನಾಡಿಯ ಮೇಲಿತ್ತು. ಉಸಿರು ನಿಲ್ಲುವುದಾದರೆ ಈಗಲೇ ನಿಲ್ಲಬೇಕು ಎಂದುಕೊಂಡು ನಾನು ಬೇಕೆಂದೇ ದೊಡ್ಡ ದೊಡ್ಡ ಉಸಿರು ಎಳೆಯುತ್ತಿದ್ದೆ. ಮೆಲ್ಲಗೆ ಉಸಿರಾಡು ಮಾರಾಯ ಎಂದರು ಡಾಕ್ಟರು. ಅವರೂ ಆಗಷ್ಟೇ ಉಸಿರು ಬಿಟ್ಟಂತಿತ್ತು. ಮುಗಿದಿತ್ತು.

ಮಂಚದ ಕಾಲಿನ ಕಡೆಗೆ ಇಟ್ಟಿಗೆ ಇಟ್ಟು ಎತ್ತರ ಮಾಡಿ, ದಿಂಬಿಲ್ಲದೆ ಮಲಗಿಸಿದರು. ತೆಗೆದ ನೀರು ನೋಡಲು ತಿಳಿಯಾಗಿಯೇ ಇತ್ತಂತೆ. ಅದನ್ನು ಅಲುಗಿಸದೆ ಬೆಳಗಿನವರೆಗೆ ಇಡಬೇಕು, ಆಮೇಲೆ ನೋಡಬೇಕು ಎಂದರು.

ಮರುದಿನ ಡಾಕ್ಟರು ಯಾವತ್ತಿಗಿಂತ ಬೇಗ ಬಂದರು. ಕೈಯಲ್ಲಿ ಬೆರಳಿನಷ್ಟು ಉದ್ದದ ಗಾಜಿನ ಕೊಳವೆ. ಅದನ್ನು ಹೂವಿನ ಹಾಗೆ ಹಿಡಿದುಕೊಂಡಿದ್ದರು. ಕಿಟಕಿಯ ಬೆಳಕಿಗೆ ಎತ್ತಿ, ನೋಡಿ ಎಂದರು. ತಿಳಿನೀರಿನ ನಡುವೆ, ಮೇಲಿನಿಂದ ಕೆಳಗಿನವರೆಗೆ, ಜೇಡ ನೇಯ್ದ ಬಲೆಯಂಥದ್ದೊಂದು ಇಳಿಬಿದ್ದಿತ್ತು. ನನಗೆ ಎರಡು ಕೊಳವೆ ಕಂಡವು, ಎರಡರಲ್ಲೂ ಬಲೆಯಿತ್ತು. ಇದು ತಾನಾಗಿ ಬೆಳೆದ ಗಡ್ಡೆಯಲ್ಲಿ ಬರುವುದಲ್ಲ ಎಂದರು ಅವರು. ಆದರೆ ಪೂರ್ತಿ ಹೇಳಲಿಲ್ಲ. ಆ ಬಲೆಯನ್ನು ಗಾಜಿನ ತುಂಡಿನ ಮೇಲೆ ಹರಡಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಹುಡುಕಬೇಕು, ಸಿಕ್ಕಿದರೆ ಸಿಕ್ಕಿತು ಎಂದು ಹೇಳಿ ಹೋದರು.

ಆ ಬೆಳಗು ಮಧ್ಯಾಹ್ನವಾಗುವುದು ಬಹಳ ಕಷ್ಟವಾಯಿತು. ಅಮ್ಮ ಮಂಚದ ಒಂದು ಕಡೆ, ಲೀಲಾ ಇನ್ನೊಂದು ಕಡೆ. ಬಾಗಿಲ ಕಡೆ ಯಾರ ಚಪ್ಪಲಿ ಸದ್ದಾದರೂ ಮೂವರೂ ಒಟ್ಟಿಗೆ ನೋಡುತ್ತಿದ್ದೆವು. ಮೊಯ್ದಿನಬ್ಬ ಕೂಡ ಜಪಮಣಿ ಎಣಿಸುವುದನ್ನು ನಿಲ್ಲಿಸಿ ನೋಡುತ್ತಿದ್ದರು.

ಡಾಕ್ಟರು ಬಂದವರು ಈ ಸಲ ಸುಮ್ಮನೆ ನಿಲ್ಲಲಿಲ್ಲ. ‘ಸಿಕ್ಕಿತು,’ ಎಂದರು. ‘ಕ್ಷಯದ ಕ್ರಿಮಿ. ಮದರಾಸಿಗೆ ಹೋಗಬೇಕಾಗಿಲ್ಲ. ಮದ್ದು ಇವತ್ತಿನಿಂದಲೇ ಶುರು.’

ಅಮ್ಮ ಕೈಮುಗಿದದ್ದು ಆಗ.

ಆ ಸಂತೋಷ ಮನೆಯ ಹೊರಗೆ ಬಹಳ ದೂರ ಹೋಗಲಿಲ್ಲ. ವಾರ್ಡಿಗೆ ಬರುತ್ತಿದ್ದ ನೆಂಟರು ಕಡಿಮೆಯಾದರು. ಬಂದವರು ಬಾಗಿಲಲ್ಲೇ ನಿಂತು ಮಾತಾಡಿಸಿ ಹೋದರು. ಬಜಪೆಯಿಂದ ಲೀಲಾಳ ಅಣ್ಣ ಬಂದು, ಸ್ವಲ್ಪ ದಿನ ತಂಗಿಯನ್ನು ಊರಿಗೆ ಕರೆದುಕೊಂಡು ಹೋಗುತ್ತೇನೆ ಎಂದು ಅಮ್ಮನ ಹತ್ತಿರ ಕೇಳಿದ. ಅವನದು ತಪ್ಪೆಂದು ನಾನು ಹೇಳಲಾರೆ, ನನ್ನ ತಂಗಿಯಾಗಿದ್ದರೆ ನಾನೂ ಬರುತ್ತಿದ್ದೆನೋ ಏನೋ. ಲೀಲಾ ಅವನ ಜೊತೆ ವಾದ ಮಾಡಲಿಲ್ಲ. ಮೊದಲು ಡಾಕ್ಟರನ್ನು ಕೇಳಿ ಬಾ ಎಂದು ಕಳಿಸಿದಳು. ನನ್ನ ಎದೆ ಸ್ವಚ್ಛವಾಗಿದೆ, ಕಾಯಿಲೆ ಇರುವುದು ತಲೆಯೊಳಗೆ, ಕೆಮ್ಮಿನಲ್ಲಿ ಹೊರಗೆ ಬಂದು ಇನ್ನೊಬ್ಬರಿಗೆ ಹತ್ತುವ ಜಾಗದಲ್ಲಿ ಅಲ್ಲ ಎಂದು ಅವರು ತಿಳಿಸಿ ಹೇಳಿದರಂತೆ. ಭಾವ ಮರಳಿ ಬಂದು ನನ್ನ ಹಾಸಿಗೆಯ ಅಂಚಿನಲ್ಲೇ ಕುಳಿತ. ಬಾಗಿಲಲ್ಲಿ ನಿಲ್ಲಲಿಲ್ಲ. ಆ ಕಾಲಕ್ಕೆ ಅದು ಸಣ್ಣ ವಿಷಯವಲ್ಲ.

ಮದ್ದು ಬಹಳ ತಿಂಗಳು ನಡೆಯಿತು. ದಿನಾ ಸೊಂಟಕ್ಕೆ ಚುಚ್ಚುಮದ್ದು. ಕುಳಿತುಕೊಳ್ಳಲು ಯಾವ ಬದಿ ಉಳಿದಿದೆ ಎಂದು ಹುಡುಕಬೇಕಾಗುತ್ತಿತ್ತು. ಜೊತೆಗೆ ಗುಳಿಗೆ, ಹೊಟ್ಟೆ ತೊಳಸುವ ಒಂದು ಪುಡಿ. ಲೀಲಾ ಅದನ್ನು ಮಜ್ಜಿಗೆಯಲ್ಲಿ, ಬೆಲ್ಲದ ನೀರಿನಲ್ಲಿ ಕಲಸಿ ನೋಡಿ, ಕೊನೆಗೆ ಒಂದು ತುಂಡು ಉಪ್ಪಿನಕಾಯಿ ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದಳು. ಪುಡಿ ನುಂಗಿದರೆ ಉಪ್ಪಿನಕಾಯಿ. ನಡುನಡುವೆ ಮತ್ತೆ ಬೆನ್ನಿನ ನೀರು. ಮೊದಲ ಸಲ ಹೆದರಿದವನು ಆಮೇಲಾಮೇಲೆ ಅದಕ್ಕಾಗಿ ಕಾಯತೊಡಗಿದೆ. ನನ್ನ ತಲೆಯೊಳಗೆ ಏನು ನಡೆಯುತ್ತಿದೆ ಎಂದು ಹೇಳಲು ಬೇರೆ ಸಾಕ್ಷಿ ಇರಲಿಲ್ಲ. ಈ ಸಲ ಬಲೆ ಕಟ್ಟಲಿಲ್ಲ ಎಂದರೆ ಆ ದಿನ ಊಟ ಸೇರುತ್ತಿತ್ತು.

ಒಂದು ಬೆಳಿಗ್ಗೆ ಎದ್ದು ಪಕ್ಕಕ್ಕೆ ನೋಡಿದರೆ ಮೊಯ್ದಿನಬ್ಬ ಒಬ್ಬರೇ ಮಲಗಿದ್ದರು. ಕಣ್ಣುಜ್ಜಿ ನೋಡಿದೆ. ಒಬ್ಬರೇ. ಇಷ್ಟು ದಿನ ನೀವು ಇಬ್ಬರಿದ್ದಿರಿ, ಇವತ್ತು ಒಬ್ಬರಾದಿರಿ ಎಂದೆ.

‘ಒಬ್ಬನನ್ನು ಸುಧಾರಿಸಲಿಕ್ಕೇ ನನ್ನ ಹೆಂಡತಿಗೆ ಆಗುವುದಿಲ್ಲ ಮಾರಾಯ,’ ಎಂದರು ಅವರು. ಮತ್ತೆ ಮುಖ ಆ ಕಡೆ ತಿರುಗಿಸಿ ಬೈರಾಸಿನ ತುದಿಯಿಂದ ಕಣ್ಣು ಒರೆಸಿಕೊಂಡರು.

ಪೂರ್ತಿ ಹಿಂದಿನ ಹಾಗಾದೆ ಎಂದು ಬರೆದರೆ ಸುಳ್ಳಾಗುತ್ತದೆ. ಚುಚ್ಚುಮದ್ದಿನಿಂದ ಬಲಗಿವಿ ಮಂದವಾಯಿತು. ಕತ್ತಲಲ್ಲಿ ನಡೆದರೆ ನೆಲ ದೋಣಿಯ ಹಾಗೆ ತೂಗುತ್ತದೆ, ಗೋಡೆ ಹಿಡಿದುಕೊಳ್ಳಬೇಕು. ಸೆಳೆತ ಬಾರದಿರಲೆಂದು ಒಂದು ಗುಳಿಗೆ ಇವತ್ತಿಗೂ ಇದೆ. ನಿಂತು ಮೊಳೆ ಜೋಡಿಸುವುದು ಆಗಲಿಲ್ಲ. ಧಣಿಗಳು ಕಿಟಕಿಯ ಪಕ್ಕ ಮೇಜು ಹಾಕಿಸಿ ಪ್ರೂಫ್ ತಿದ್ದುವ ಕೆಲಸ ಕೊಟ್ಟರು. ಮಾತು ಮರಳಿತು. ದಣಿವಾದಾಗ ಒಂದೊಂದು ಶಬ್ದ ತಡವಾಗಿ ಬರುತ್ತದೆ, ಆದರೆ ಬರುತ್ತದೆ. ಕಾಯುವುದು ಅಭ್ಯಾಸವಾಗಿದೆ. ನಮಗೆ ಒಬ್ಬಳು ಮಗಳೂ ಹುಟ್ಟಿದಳು. ಬೆನ್ನಿನ ನೀರಿನ ಬಗ್ಗೆ ಲೀಲಾಳಿಗೆ ಕೇಳುವ ಹಾಗೆ ಹೇಳಿದ್ದ ನೆರೆಯವರೇ ತೊಟ್ಟಿಲು ಕೊಟ್ಟರು.

ಕೆಲವು ವರ್ಷಗಳ ನಂತರದ ಮಾತು. ಒಂದು ಸಂಜೆ ನಮ್ಮ ಅಂಗಳಕ್ಕೆ ಲೂಸಿ ಬಾಯಿ ಎಂಬವರು ಬಂದರು. ಕುಲಶೇಖರದವರೇ, ಚರ್ಚಿನ ಆಚೆ ಅವರ ಮನೆ, ಆದರೆ ಪರಿಚಯವಿರಲಿಲ್ಲ. ಅವರ ಮಗಳು ಸ್ಟೆಲ್ಲಾ ಹೈಸ್ಕೂಲು ಮುಗಿಸಿದ್ದಳು. ಅವಳಿಗೆ ತಲೆನೋವು, ವಾಂತಿ, ಎರಡು ದಿನದಿಂದ ಕತ್ತು ಬಾಗುವುದಿಲ್ಲ. ಅದೇ ಡಾಕ್ಟರು ಬೆನ್ನಿನ ನೀರು ತೆಗೆಯಬೇಕು ಎಂದಿದ್ದರು. ಇವರು ಹೂಂ ಅನ್ನಲಿಲ್ಲವಂತೆ. ಹಾಗಾದರೆ ವಾಸು ಅವರನ್ನು ನೋಡಿ ಬನ್ನಿ ಎಂದು ಡಾಕ್ಟರೇ ಕಳಿಸಿದ್ದರು.

ನಾನು ನನ್ನದನ್ನೆಲ್ಲ ಹೇಳಿದೆ. ನೋವಾಗುತ್ತದೆಯೇ ಎಂದು ಕೇಳಿದರು, ಸ್ವಲ್ಪ ಆಗುತ್ತದೆ ಎಂದೆ. ಕಾಲು ಹೋಗುತ್ತದೆಯೇ ಎಂದರು, ಅಂಗಳದಲ್ಲಿ ನಡೆದು ತೋರಿಸಿದೆ. ಅವರು ತಲೆಯಾಡಿಸಿದರು, ಆದರೆ ಕುಳಿತಲ್ಲಿಂದ ಏಳಲಿಲ್ಲ. ಕೈಯಲ್ಲಿ ಜಪಸರ ಸುತ್ತಿಕೊಂಡು ಹಾಗೆಯೇ ಕುಳಿತಿದ್ದರು. ನನ್ನ ಮಾತು ಅವರಿಗೆ ಮುಟ್ಟಿಲ್ಲವೆಂದು ಕಾಣುತ್ತಿತ್ತು, ಎಲ್ಲಿ ತಪ್ಪಿತೆಂದು ನನಗೆ ತಿಳಿಯಲಿಲ್ಲ.

ಲೀಲಾ ಅಷ್ಟು ಹೊತ್ತೂ ಬಾಗಿಲಿಗೆ ಒರಗಿ ಕೇಳುತ್ತಿದ್ದಳು. ಬಂದು ಅವರ ಪಕ್ಕ ಮೆಟ್ಟಿಲ ಮೇಲೆ ಕುಳಿತಳು.

‘ಬಾಯಿ, ನಾಳೆ ನಿಮ್ಮ ಜೊತೆ ಯಾರು ಉಂಟು?’

‘ಯಾರೂ ಇಲ್ಲ. ಸ್ಟೆಲ್ಲಾಳ ಅಪ್ಪನಿಗೆ ಬೊಂಬಾಯಿಯಲ್ಲಿ ಹಡಗಿನ ಕೆಲಸ.’

‘ಇವರಿಗೆ ತೆಗೆಯುವಾಗ ಅತ್ತೆ ದೇವಸ್ಥಾನಕ್ಕೆ ಹೋಗಿದ್ದರು,’ ಎಂದಳು ಲೀಲಾ. ‘ಒಳಗೆ ಇವರನ್ನು ಹಿಡಿದುಕೊಳ್ಳಲಿಕ್ಕೆ ನರ್ಸ್ ಇದ್ದರು. ಹೊರಗೆ ನನ್ನ ಹತ್ತಿರ ಯಾರೂ ಇರಲಿಲ್ಲ. ಇವರು ಕೂಗಿದ್ದು ಕೇಳಿತು. ಆಮೇಲೆ ಎಂತದೂ ಕೇಳಲಿಲ್ಲ. ಸತ್ತೇ ಹೋದರು ಅಂತ ತಿಳ್ಕೊಂಡೆ. ನಾನೇ ತೆಗೀಲಿ ಅಂದದ್ದಲ್ಲ? ಮನೆಗೆ ಹೋಗಿ ಎಂತ ಹೇಳುವುದು ಅಂತ ಯೋಚನೆ ಮಾಡ್ತಾ ಕೂತಿದ್ದೆ. ಬಾಗಿಲು ತೆರೆದು ನರ್ಸ್ ನನ್ನನ್ನು ನೋಡಿ ಹೆದರಿದರು, ಅಷ್ಟು ಬೆವರಿದ್ದೆ.’

ಮದುವೆಯಾಗಿ ಇಷ್ಟು ವರ್ಷದಲ್ಲಿ ನನಗೆ ಒಮ್ಮೆಯೂ ಹೇಳದ ಮಾತು ಅದು. ನಾನೂ ಒಮ್ಮೆಯೂ ಕೇಳಿರಲಿಲ್ಲ. ಸೂಜಿ ನನ್ನ ಬೆನ್ನಿಗಷ್ಟೇ ಹೋಗಿತ್ತು ಎಂದುಕೊಂಡಿದ್ದೆ.

‘ನಾಳೆ ನಾನು ಬರ್ತೇನೆ,’ ಎಂದಳು ಲೀಲಾ. ‘ನಾವಿಬ್ಬರು ಹೊರಗೆ ಕೂತುಕೊಳ್ಳುವ. ಅವರು ಅವರ ಕೆಲಸ ಮಾಡ್ಲಿ.’

ಲೂಸಿ ಬಾಯಿ ಆಗ ಎದ್ದರು.

ಮರುದಿನ ನಮ್ಮ ಮಗಳನ್ನು ಅಮ್ಮನ ಹತ್ತಿರ ಬಿಟ್ಟು ಲೀಲಾ ಬೆಳಗಿನ ಬಸ್ಸಿಗೆ ಹೋದಳು. ನಾನು ಪ್ರೆಸ್ಸಿಗೆ ಹೋದರೂ ಒಂದೇ ಹಾಳೆಯ ಪ್ರೂಫನ್ನು ಮತ್ತೆ ಮತ್ತೆ ಓದಿದೆ. ಹೊರಗೆ ಕುಳಿತವರ ಹೊತ್ತು ಹೇಗಿರುತ್ತದೆ ಎಂದು ನನಗೆ ಅವತ್ತು ಸ್ವಲ್ಪ ತಿಳಿಯಿತು. ಸಂಜೆ ನಾನು ಮನೆಗೆ ಬರುವಷ್ಟರಲ್ಲಿ ಅವಳು ಬಂದು ಬಾವಿಕಟ್ಟೆಯಲ್ಲಿ ಕಾಲು ತೊಳೆಯುತ್ತಿದ್ದಳು. ನೀರು ತೆಗೆದರು, ಬೆಳಿಗ್ಗೆಯವರೆಗೆ ಇಟ್ಟು ನೋಡುತ್ತಾರಂತೆ, ಆದರೆ ಡಾಕ್ಟರು ಕಾಯದೆ ಮದ್ದು ಶುರು ಮಾಡಿದ್ದಾರೆ, ಬೇಗ ಬಂದದ್ದು ಒಳ್ಳೆಯದಾಯಿತು ಎಂದಿದ್ದಾರೆ ಎಂದಳು.

‘ಹುಡುಗಿ?’ ಎಂದೆ.

‘ಹೊರಗೆ ಬಂದವಳೇ ಅಮ್ಮನ ಹತ್ತಿರ ಗಂಜಿ ಕೇಳಿದಳು. ಮೀನಿನ ಚಟ್ನಿ ಬೇಕಂತೆ ಜೊತೆಗೆ.’ ಕೊಡದಲ್ಲಿ ಉಳಿದ ನೀರನ್ನು ಬಸಳೆಯ ಬುಡಕ್ಕೆ ಸುರಿದು, ಲೀಲಾ ಒಳಗೆ ಹೋಗುತ್ತ ಹೇಳಿದಳು, ‘ನಾಳೆ ನಾನು ಮಾಡಿಕೊಂಡು ಹೋಗ್ತೇನೆ.’